ಯಾರನ್ನು ಕೇಳಿ ಉದ್ಧಾರ?

ಶಾಲೆಯಿಂದ ನಿವೃತ್ತರಾದ ಮಾಸ್ಟ್ರುಗಳಿಗೆ ಊರನ್ನು ಉದ್ಧಾರ ಮಾಡುವ ಹಂಬಲ ತುಸು ಹೆಚ್ಚು. ನಾನೂ ಅದಕ್ಕೆ ಹೊರತಲ್ಲ. ಕಾಸರಗೋಡು ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು, ಈಗ ಕೆಲವು ವರ್ಷಗಳಿಂದ ಮಗಳ ಸಂಸಾರದ ಜೊತೆಗೆ ಗೋವೆಯ ವಾಳಪೈಯಲ್ಲಿದ್ದೇನೆ. ವಾಳಪೈ ಸತ್ತರಿ ತಾಲೂಕಿನ ಮುಖ್ಯ ಪೇಟೆ. ಮೂಡು ದಿಕ್ಕಿಗೆ ಸಹ್ಯಾದ್ರಿ, ಅದರಾಚೆ ಬೆಳಗಾವಿ ಜಿಲ್ಲೆ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಹೊಳೆ ಈ ತಾಲೂಕಿನ ಮೂಲಕವೇ ಕಡಲ ಕಡೆಗೆ ಹೋಗುತ್ತದೆ. ಜಡಿಮಳೆ, ಮುರಕಲ್ಲು, ಅಡಿಕೆ ತೋಟ, ಗೇರು ಗುಡ್ಡೆ. ಒಮ್ಮೊಮ್ಮೆ ನಾನು ಬದಿಯಡ್ಕದಲ್ಲಿದ್ದೇನೋ ಮುಳ್ಳೇರಿಯದಲ್ಲಿದ್ದೇನೋ ಎಂದು ಸಂಶಯ ಬರುತ್ತದೆ. ಮಾತು ಮಾತ್ರ ಬೇರೆ. ಕೊಂಕಣಿ, ಮರಾಠಿ; ಪೇಟೆಯ ಕಟ್ಟಡ ಕೆಲಸದ ಕಡೆ ಹೋದರೆ ಬಾಗಲಕೋಟೆ, ಗದಗ ಕಡೆಯ ಕನ್ನಡ.

ಇಲ್ಲಿ ಭಾನುವಾರ ಬೆಳಿಗ್ಗೆ ಕತ್ತಿ, ಹಾರೆ, ಗೋಣಿಚೀಲ ಹಿಡಿದು ಹೊರಡುವ ಹತ್ತು ಹನ್ನೆರಡು ಮಂದಿಯ ಒಂದು ಗುಂಪಿದೆ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಬ್ಯಾನರೂ ಇಲ್ಲ. ಇಬ್ಬರು ಅಂಗಡಿಯವರು, ಒಬ್ಬ ದರ್ಜಿ, ಕಾಲೇಜಿನ ಕೆಲವು ಹುಡುಗರು, ಒಬ್ಬ ಬಾಗಲಕೋಟೆಯ ಗೌಂಡಿ, ಮತ್ತೆ ನಾನು. ಕೆಲಸ ಏನೆಂದರೆ ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯೊಂದರ ದೇವರಾಯಿಯನ್ನು ಮತ್ತೆ ಸರಿಮಾಡುವುದು.

ದೇವರಾಯಿ ಎಂದರೆ ದೇವರಿಗೆಂದು ಬಿಟ್ಟ ಕಾಡಿನ ತುಂಡು. ನಾವು ಬನ ಎನ್ನುತ್ತೇವೆ, ಮಲಯಾಳಿಗಳು ಕಾವು ಎನ್ನುತ್ತಾರೆ, ಕೊಡಗಿನಲ್ಲಿ ದೇವರಕಾಡು. ಸತ್ತರಿಯಲ್ಲಿ ಇಂಥವು ಹಲವು ಉಂಟು. ಬಾಂಬರ ಎಂಬಲ್ಲಿಯ ನಿರಂಕಾರಾಚಿ ರಾಯ್ ಹೆಸರುವಾಸಿ. ಜಾಯಿಕಾಯಿಯ ಬಳಗದ ಕಾಡುಮರಗಳು ಅಲ್ಲಿ ಕೆಸರಿನಲ್ಲಿ ನಿಂತು, ಮಡಚಿದ ಮೊಣಕಾಲಿನಂತೆ ಬೇರುಗಳನ್ನು ಮೇಲಕ್ಕೆ ಚಾಚಿರುತ್ತವೆ. ಕೆಸರಿನೊಳಗೆ ಗಾಳಿ ಸಿಗದ ಬೇರು ಉಸಿರಾಡಲು ಕಂಡುಕೊಂಡ ಉಪಾಯ ಅದು. ಉದ್ಯಾನವೆಂಬ ಮಾತು ನಮ್ಮ ಊರುಗಳಿಗೆ ಬರುವ ಮೊದಲೇ ಇದ್ದ ಸಾರ್ವಜನಿಕ ತೋಟಗಳು ಇವು ಎಂದು ನಾನು ತಿಳಿದಿದ್ದೇನೆ. ನೆಟ್ಟವರು ಯಾರೆಂದು ಗೊತ್ತಿಲ್ಲ, ಮಾರುವಂತಿಲ್ಲ, ಕಡಿಯುವಂತಿಲ್ಲ. ನೆರಳು ಮಾತ್ರ ಎಲ್ಲರದು.

ನಾವು ಹೋಗುವ ದೇವರಾಯಿ ಅಷ್ಟು ದೊಡ್ಡದಲ್ಲ, ಪ್ರಸಿದ್ಧವೂ ಅಲ್ಲ. ರಸ್ತೆ ಹತ್ತಿರ ಬಂದ ಮೇಲೆ ಅಂಚಿನಲ್ಲಿ ಕಸ ಬಿದ್ದಿತ್ತು. ನಮ್ಮಲ್ಲಿ ಕಮ್ಯೂನಿಸ್ಟ್ ಗಿಡ ಎಂದೂ ಇಲ್ಲಿ ರಾನಮೋಡಿ ಎಂದೂ ಕರೆಯುವ ಆ ಹಾಳು ಕಳೆ ಒಳಕ್ಕೆ ನುಗ್ಗಿತ್ತು. ಮೊದಲ ಮಳೆಗಾಲದ ತನಕ ಬಾಟ್ಲಿ ಹೆಕ್ಕುವುದು, ಪ್ಲಾಸ್ಟಿಕ್ ಹೊರುವುದು, ಕಳೆ ಕೀಳುವುದು. ಬೆನ್ನು ನೋಯುತ್ತಿತ್ತು, ಮನಸ್ಸು ಹಗುರವಾಗುತ್ತಿತ್ತು.

ಆಮೇಲೆ ಒಬ್ಬ ದಾನಿಗಳು ಮುಂದೆ ಬಂದರು. ಒಳ್ಳೆಯ ಮನುಷ್ಯರು, ಅದರಲ್ಲಿ ಸಂಶಯವಿಲ್ಲ. “ಇದನ್ನು ಪಣಜಿಯ ಉದ್ಯಾನದ ಹಾಗೆ ಮಾಡಿಬಿಡುವ” ಎಂದರು. ಒಳಗೆ ಇಂಟರ್‌ಲಾಕ್ ಹಾಸಿದ ದಾರಿ, ಸುತ್ತ ಕಬ್ಬಿಣದ ಬೇಲಿ, ನಾಲ್ಕು ಸಿಮೆಂಟು ಬೆಂಚು, ಅಂಚಿಗೆ ಕ್ರೋಟನ್, ಬಾಗಿಲಲ್ಲಿ ಸೇವೆ ಮಾಡಿದವರ ಹೆಸರಿನ ಕಲ್ಲು. ನಮಗೆಲ್ಲ ಸಂತೋಷವೇ ಆಯಿತು. ಮೇಷ್ಟ್ರಾದ ಕಾರಣ ಕಲ್ಲಿನ ಒಕ್ಕಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೂ ಆಯಿತು.

ಅಳತೆ ಹಿಡಿಯಲೆಂದು ಹೋದ ದಿನ ಎರಡು ಸಣ್ಣ ಪ್ರಶ್ನೆಗಳು ಬಂದವು. ಮೊದಲನೆಯದು ನಮ್ಮ ಗೌಂಡಿಯದು. ಹಗ್ಗ ಹಿಡಿದು ನಿಂತವನು ಇಳಿಜಾರನ್ನು ನೋಡುತ್ತ, “ಸರ, ಇಲ್ಲಿ ಕಲ್ಲು ಹಾಸಿದ್ರ ಮಳಿ ನೀರು ಎಲ್ಲಿ ಹೋಗಬೇಕ್ರಿ?” ಎಂದ. ಆ ಕೆಲಸ ಆಗಿದ್ದರೆ ಅವನಿಗೆ ಹದಿನೈದು ದಿನದ ಕೂಲಿ ಸಿಗುತ್ತಿತ್ತು. ಆದರೂ ಕೇಳಿದ. ಎರಡನೆಯದು ಅಲ್ಲಿಯ ಮುದುಕಿಯೊಬ್ಬರದು. ಪಕ್ಕದ ಮನೆಯವರು, ಪ್ರತಿ ವಾರ ನಮಗೆ ಕುಡಿಯಲು ನೀರು ಕೊಡುತ್ತಿದ್ದವರು. ಹಗ್ಗ, ಸುಣ್ಣದ ಗೆರೆ ಎಲ್ಲ ನೋಡಿ, “ಕೊಣಾಕ್ ವಿಚಾರ್ಲೆಂ?” ಎಂದರು. ಯಾರನ್ನು ಕೇಳಿದಿರಿ?

ನಮ್ಮ ಕಾಸರಗೋಡಿನಲ್ಲಿ ಕೊಂಕಣಿಗರ ನೆರೆಯಲ್ಲಿ ಬೆಳೆದವನಾದ್ದರಿಂದ ಮಾತು ನನಗೆ ಅರ್ಥವಾಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ಪಂಚಾಯತಿನ ಒಬ್ಬರಿಗೆ ಹೇಳಿದ್ದೆವು. ದಾನಿಗಳಿಗೆ ಒಪ್ಪಿಗೆಯಿತ್ತು. ನಮಗೆ ಒಪ್ಪಿಗೆಯಿತ್ತು. ಆ ಕಾಡಿನ ನೆರಳಿನಲ್ಲಿ ಎಪ್ಪತ್ತು ವರ್ಷ ಬದುಕಿದವರನ್ನು, ಅವರ ಕೈಯಿಂದ ವಾರವಾರ ನೀರು ಕುಡಿದೂ, ಕೇಳಬೇಕೆಂದು ನಮಗೆ ತೋರಿರಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ವಾಳಪೈಯಲ್ಲಿರಲಿಲ್ಲ, ಊರಿನಲ್ಲಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಊರಿನ ನಾಗಬನದ ಜೀರ್ಣೋದ್ಧಾರವಾಯಿತು. ಸಮಿತಿಯ ಕಾರ್ಯದರ್ಶಿ ನಾನೇ. ಹೆಬ್ಬಲಸು, ರೆಂಜೆ, ಪಾಲೆ, ಕಾಸರಕ, ನಡುವೆ ಹೆಣೆದುಕೊಂಡ ಬಳ್ಳಿಗಳು. ಹಗಲಲ್ಲೂ ಒಳಗೆ ಮಬ್ಬು. ಮಕ್ಕಳು ಹೆದರುತ್ತಾರೆ, ಹಾವು ಬರುತ್ತದೆ, ಪೂಜೆಗೆ ಬಂದವರು ಕೆಸರಲ್ಲಿ ನಿಲ್ಲಬೇಕು ಎಂದು ದೂರುಗಳಿದ್ದವು. ಕರಸೇವೆಗೆ ನೂರಾರು ಜನ ಬಂದರು. ಎರಡು ಭಾನುವಾರಗಳಲ್ಲಿ ಬನ ಬೋಳಾಯಿತು. ಮೂರು ಮರ ಮಾತ್ರ ಉಳಿಸಿ, ಕಟ್ಟೆ ಕಟ್ಟಿ, ಅಂಗಳಕ್ಕೆ ಕಲ್ಲು ಹಾಸಿದೆವು. ಲೆಕ್ಕಪತ್ರದಲ್ಲಿ ಒಂದು ರೂಪಾಯಿಯ ವ್ಯತ್ಯಾಸವಿರಲಿಲ್ಲ. ಅದನ್ನು ಮಹಾಸಭೆಯಲ್ಲಿ ಹೆಮ್ಮೆಯಿಂದ ಓದಿದವನೂ ನಾನೇ.

ಆ ಬನದಿಂದ ಎಲೆ, ಬೇರು, ಕೇಪಳ ಹೂ ತಂದು ಮಕ್ಕಳಿಗೆ ಮದ್ದು ಕೊಡುವ ಒಬ್ಬರು ಅಜ್ಜಿ ನಮ್ಮಲ್ಲಿದ್ದರು. ಕಡಿಯುವ ದಿನ ಬೇಲಿಯ ಹೊರಗೆ ನಿಂತಿದ್ದರು. ಏನೂ ಹೇಳಲಿಲ್ಲ. “ಏನಜ್ಜಿ, ಬನ ಚಂದ ಆಯಿತಲ್ಲ?” ಎಂದು ನಾನೇ ಮಾತನಾಡಿಸಿದೆ. “ಆಯಿತು ಮಾಸ್ಟ್ರೆ, ಬೆಳಕಾಯಿತು” ಎಂದರು. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಬನದ ಪಕ್ಕದ ಬಾವಿ ಮೊದಲು ಮೇ ತಿಂಗಳಲ್ಲೂ ಬತ್ತುತ್ತಿರಲಿಲ್ಲ, ಈಗ ಮಾರ್ಚಿಗೇ ತಳ ಕಾಣುತ್ತದೆ. ಬನ ಕಡಿದದ್ದೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಸುತ್ತಮುತ್ತ ಕೊಳವೆಬಾವಿಗಳೂ ಹೆಚ್ಚಾಗಿವೆ. ಆದರೆ ಹಾಸುಗಲ್ಲಿನ ಮೇಲೆ ಬಿದ್ದ ಮಳೆ ಆ ಬಾವಿಗೆ ಇಳಿಯುವುದಿಲ್ಲ ಎಂದು ತಿಳಿಯಲು ವಿಜ್ಞಾನ ಬೇಡ, ನಮ್ಮ ಗೌಂಡಿಯ ಕಣ್ಣು ಸಾಕು. ಅಂಥ ಒಬ್ಬ ಗೌಂಡಿ ನಮ್ಮಲ್ಲೂ ಇದ್ದಿರಬಹುದು. ಕೇಳುವಷ್ಟು ಸಲಿಗೆಯನ್ನು ನಾವು ಅವನಿಗೆ ಕೊಟ್ಟಿರಲಿಲ್ಲ.

ಇಲ್ಲಿ ನನ್ನನ್ನು ಕಾಡುವ ನೈತಿಕ ಪ್ರಶ್ನೆ ಇದು: ಸಂಬಳವಿಲ್ಲದೆ, ಸ್ವಾರ್ಥವಿಲ್ಲದೆ, ಬೆವರು ಸುರಿಸಿ ಮಾಡಿದ ಕೆಲಸ ತಪ್ಪಾಗಬಹುದೆ? ತಪ್ಪಾದರೆ ಅದಕ್ಕೆ ಹೊಣೆ ಯಾರು?

ಸಂಬಳಕ್ಕೆ ದುಡಿಯುವವನನ್ನು ನಾವು ಪ್ರಶ್ನಿಸುತ್ತೇವೆ. ಗುತ್ತಿಗೆದಾರ ಬನಕ್ಕೆ ಕೊಡಲಿ ಹಾಕಿದ್ದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಸೇವೆ ಮಾಡುವವನನ್ನು ಯಾರೂ ಪ್ರಶ್ನಿಸುವುದಿಲ್ಲ. “ಪಾಪ, ಪುಕ್ಕಟೆ ಮಾಡುತ್ತಾರೆ” ಎಂಬ ದಾಕ್ಷಿಣ್ಯ ಎಲ್ಲರ ಬಾಯಿ ಕಟ್ಟುತ್ತದೆ. ಹಾಗಾಗಿ ನಿಸ್ವಾರ್ಥ ಸೇವಕನಿಗೆ ಅಧಿಕಾರಿಗಿಂತ ಹೆಚ್ಚಿನ ಅಧಿಕಾರ ಬಂದುಬಿಡುತ್ತದೆ. ಅವನಿಗೆ ಮೇಲಧಿಕಾರಿಯಿಲ್ಲ, ವರ್ಗಾವಣೆಯಿಲ್ಲ, ಅವನ ಮೇಲೆ ದೂರು ಕೊಡಲು ಕಚೇರಿಯೂ ಇಲ್ಲ. ನಾನು ಕೊಟ್ಟ ಲೆಕ್ಕ ಹಣದ್ದು. ಮರದ ಲೆಕ್ಕ, ಬಾವಿಯ ಲೆಕ್ಕ, ಅಜ್ಜಿಯ ಮದ್ದಿನ ಲೆಕ್ಕ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ದಾನಿಗಳು ಮಾದರಿಯಾಗಿ ಹೇಳಿದ ಪಣಜಿಯ ಉದ್ಯಾನವನ್ನು ಒಮ್ಮೆ ಸರಿಯಾಗಿ ನೋಡಿ ಬರೋಣವೆಂದು ಮೊಮ್ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಚರ್ಚಿನ ಚೌಕದ ಎದುರಿಗೆ, ಪೇಟೆಯ ನಟ್ಟನಡುವೆ, ಹತ್ತೊಂಬತ್ತನೆಯ ಶತಮಾನದ ತೋಟ ಅದು. ಈಗ ಅದಕ್ಕೆ ಗಾರ್ಸಿಯಾ ದ ಓರ್ತಾನ ಹೆಸರು. ನಡುವಿನ ಎತ್ತರದ ಕಂಬದ ಮೇಲೆ ಒಂದು ಕಾಲದಲ್ಲಿ ವಾಸ್ಕೋ ಡ ಗಾಮನ ಪ್ರತಿಮೆಯಿತ್ತು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಅದನ್ನು ಇಳಿಸಿ ಅಶೋಕನ ಸಿಂಹಗಳನ್ನು ಇಟ್ಟರು. ಕಂಬವನ್ನು ಕೆಡವಲಿಲ್ಲ. ಕಂಬದ ನೆರಳಿಗೆ ಬಂದು ಕೂರುವವರು ಹಾಗೆಯೇ ಬಂದು ಕೂರುತ್ತಿದ್ದಾರೆ.

ಓರ್ತಾ ಯಾರು? 1534ರಲ್ಲಿ ಗೋವೆಗೆ ಬಂದ ಪೋರ್ಚುಗೀಸ್ ವೈದ್ಯ. ನಮ್ಮ ಕರಿಮೆಣಸು, ಹಲಸು, ಮಾವು, ವೀಳ್ಯ, ತೆಂಗುಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿ ಬರೆದ ಅವನ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅವನು ಹುಟ್ಟಿನಿಂದ ಯೆಹೂದಿ ಮನೆತನದವನು. 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಧರ್ಮವಿಚಾರಣೆಯ ನ್ಯಾಯಾಲಯ ಜೀವಂತ ಸುಡಿಸಿತು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ತೆಗೆದು ಸುಟ್ಟರು. ನಂಬಿಕೆಯನ್ನು ಶುದ್ಧಮಾಡುವ ಕೆಲಸವೆಂದೇ ಸುಟ್ಟವರು ತಿಳಿದಿದ್ದರು. ಶುದ್ಧಿ, ಉದ್ಧಾರ ಎಂಬ ಮಾತುಗಳು ಬಾಯಿಗೆ ಬಂದಾಗ ಸ್ವಲ್ಪ ತಡೆದು ನಿಲ್ಲಬೇಕೆಂದು ನನಗೆ ಅನಿಸುವುದು ಇದಕ್ಕೇ.

ಆ ಗ್ರಂಥದಲ್ಲಿ ಆಂತೋನಿಯಾ ಎಂಬ ದಾಸಿ ಹುಡುಗಿಯೊಬ್ಬಳು ಬರುತ್ತಾಳೆ. ಓರ್ತಾ ಕೇಳಿದ ಗಿಡವನ್ನು ಹುಡುಕಿ ತಂದು ತೋರಿಸುವವಳು. ಗಿಡವನ್ನು ಗುರುತಿಸುವ ಕಣ್ಣು ಅವಳದೂ ಹೌದು. ಉದ್ಯಾನದ ಹೆಸರು ಮಾತ್ರ ಓರ್ತಾನದು. ನಮ್ಮ ಮಲಬಾರಿನಲ್ಲಿ ಇದು ಸ್ವಲ್ಪ ಬೇರೆಯಾಗಿ ನಡೆಯಿತು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ತುಸ್ ಮಲಬಾರಿಕುಸ್’ನಲ್ಲಿ, ಗಿಡಗಳ ಗುಣ ಹೇಳಿಕೊಟ್ಟ ವೈದ್ಯ ಇಟ್ಟಿ ಅಚ್ಯುತನ ಹೇಳಿಕೆ ಅವನದೇ ಕೋಲೆಳುತ್ತು ಲಿಪಿಯಲ್ಲಿ ಅಚ್ಚಾಗಿದೆ. ಅದರ ಪಕ್ಕದಲ್ಲಿ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಇದೆ. ಆಳುವವನಿಗೂ ಒಂದು ಸಲ, ಯಾರನ್ನು ಕೇಳಿ ತಿಳಿದೆನೆಂದು ಹೇಳಿಕೊಳ್ಳಬೇಕೆಂದು ಅನಿಸಿತು. ನಾನು ಬರೆದಿಟ್ಟ ಕಲ್ಲಿನ ಒಕ್ಕಣೆಯಲ್ಲಿ ಹನ್ನೆರಡು ಹೆಸರುಗಳಿದ್ದವು. ನೀರು ಕೊಟ್ಟವರ ಹೆಸರು ಅದರಲ್ಲಿರಲಿಲ್ಲ.

“ಹಾಗಾದರೆ ಹಳೆಯದು ಹೇಗಿತ್ತೋ ಹಾಗೆಯೇ ಇಡುವುದು ಸರಿ” ಎಂದು ಕೆಲವರು ಹೇಳಬಹುದು. ಅದೂ ಸುಲಭವಲ್ಲ. ಹಿಂದೆ ಶಾಲಾ ಮಕ್ಕಳನ್ನು ಪ್ರವಾಸಕ್ಕೆಂದು ಬೆಂಗಳೂರಿನ ಲಾಲ್‌ಬಾಗಿಗೆ ಕರೆದುಕೊಂಡು ಹೋದದ್ದುಂಟು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, ಟಿಪ್ಪು ಬೆಳೆಸಿದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಬ್ರಿಟಿಷರ ಕಾಲಕ್ಕೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಅದನ್ನು ತಿದ್ದಿದ, ಮುಂದೆ ಮರಿಗೌಡರು ಅದನ್ನು ರೈತರ ಹತ್ತಿರಕ್ಕೆ ತಂದರು. ಇದನ್ನು ‘ಮೂಲಸ್ಥಿತಿ’ಗೆ ತರುತ್ತೇನೆಂದು ಹೊರಟವನು ಯಾವ ವರ್ಷದಲ್ಲಿ ನಿಲ್ಲಬೇಕು? 1760ರಲ್ಲಿ ನಿಂತರೆ ಗಾಜಿನ ಮನೆಯನ್ನು ಒಡೆಯಬೇಕು. ಅವರವರ ಕಾಲದವರು ಸೇರಿಸುತ್ತ ಬಂದದ್ದೇ ಅದರ ಚರಿತ್ರೆ. ಆದ್ದರಿಂದ ಮುಟ್ಟಲೇಬಾರದೆಂಬುದು ನನ್ನ ವಾದವಲ್ಲ.

ಬೆಂಗಳೂರಿನಲ್ಲೇ ಇನ್ನೊಂದು ಪಾಠ ಉಂಟು. 1870ರಲ್ಲಿ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕನ್ನು ಉಳಿಸಲು 1975ರಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಯೇ ಬಂತು. ಹಾಗಿದ್ದೂ 1998ರಲ್ಲಿ ಪಾರ್ಕಿನ ಒಂದು ಭಾಗವನ್ನು ಆ ಮೇರೆಯಿಂದ ಹೊರಗಿಡಲು ಸರಕಾರ ಹೊರಟಾಗ, ದಿನಾ ಅಲ್ಲಿ ನಡೆಯಲು ಬರುವವರು, ಮಕ್ಕಳನ್ನು ಆಡಿಸಲು ಬರುವವರು ಬೀದಿಗಿಳಿದರು. ಅವರು ಕೇಳಿದ್ದೂ ಅದೇ ಮಾತು: ನಮ್ಮನ್ನು ಕೇಳಿದಿರಾ? ಅವರಾರೂ ಆ ತೋಟದ ಒಡೆಯರಲ್ಲ. ಬಳಸಿ ಬಳಸಿ ಮಾತನಾಡುವ ಹಕ್ಕು ಪಡೆದವರು. ಸರಕಾರ ಕೇಳದೆ ಮುಟ್ಟಿದಾಗ ನಾವು ಸಿಟ್ಟಾಗುತ್ತೇವೆ. ಸ್ವಯಂಸೇವಕರು ಕೇಳದೆ ಮುಟ್ಟಿದಾಗ ಹಾರ ಹಾಕುತ್ತೇವೆ. ಈ ಎರಡು ಅಳತೆಗೋಲು ಸರಿಯೆ?

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಅದನ್ನು ನಾನೇ ಎಷ್ಟೋ ಸಲ ಆಡಿದ್ದೇನೆ. ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಕೆಲಸವೂ ನಡೆಯದು. ಕಾಸರಗೋಡಿನ ನಮ್ಮ ಕನ್ನಡ ಮನೆಗಳ ಸಂಗತಿಯನ್ನೇ ನೋಡಿ. 1956ರಿಂದ ಈಚೆಗೆ ನಮ್ಮ ವಾಚನಾಲಯ, ಯಕ್ಷಗಾನ ಸಂಘ, ಶಾಲೆಯ ಹಿತರಕ್ಷಣೆ ಎಲ್ಲ ಉಳಿದದ್ದು ನಾಲ್ಕು ಮಂದಿಯ ಹಟದಿಂದ. ಸಭೆ ಕರೆದರೆ ಏಳು ಜನ ಬರುತ್ತಾರೆ, ಅದರಲ್ಲಿ ಇಬ್ಬರು ಚಹಾಕ್ಕೆ. ಅವರು ಎಲ್ಲರ ಒಪ್ಪಿಗೆಗೆ ಕಾದಿದ್ದರೆ ಇವತ್ತು ಈ ವಾರ್ಷಿಕಾಂಕವನ್ನು ಓದುವವರು ಎಷ್ಟು ಮಂದಿ ಇರುತ್ತಿದ್ದರು? ಮಾತು ನಿಜ. ಅಲ್ಪಸಂಖ್ಯಾತರಿಗೆ ಸ್ವಯಂಸೇವೆ ಹವ್ಯಾಸವಲ್ಲ, ಉಸಿರು. ಆ ಕಾರಣಕ್ಕೇ ನಾವು ಇನ್ನೂ ಎಚ್ಚರವಾಗಿರಬೇಕು ಎನ್ನುತ್ತೇನೆ. ನಮ್ಮನ್ನು ಕೇಳದೆ ನಕ್ಷೆಯಲ್ಲಿ ಗೆರೆ ಎಳೆದರು ಎಂದು ಇಷ್ಟು ವರ್ಷ ನೊಂದುಕೊಂಡವರು ನಾವು. ಆ ನೋವನ್ನು ಬಲ್ಲವನು ಬನದಲ್ಲಿ ಸುಣ್ಣದ ಗೆರೆ ಎಳೆಯುವ ಮುನ್ನ ಅಜ್ಜಿಯನ್ನು ಕೇಳಬೇಡವೆ?

ಕೇಳುವುದೆಂದರೆ ಎಲ್ಲರ ಸಹಿ ಹಾಕಿಸಿಕೊಳ್ಳುವುದಲ್ಲ. ಕೆಲಸಗಳಲ್ಲಿ ಎರಡು ಬಗೆ ಎಂದು ನಾನೀಗ ತಿಳಿದಿದ್ದೇನೆ. ಮರಳಿ ತಿದ್ದಿಕೊಳ್ಳಬಹುದಾದ ಕೆಲಸ, ತಿದ್ದಿಕೊಳ್ಳಲಾಗದ ಕೆಲಸ. ಬಾಟ್ಲಿ ಹೆಕ್ಕಲು, ಕಳೆ ಕೀಳಲು ಮಹಾಸಭೆ ಬೇಡ. ತಪ್ಪಾದರೆ ಕಳೆ ತಾನೇ ಮತ್ತೆ ಬರುತ್ತದೆ. ಮರ ಕಡಿಯುವುದಕ್ಕೆ, ಕಲ್ಲು ಹಾಸುವುದಕ್ಕೆ, ಬೇಲಿ ಹಾಕಿ ಯಾರನ್ನೋ ಹೊರಗಿಡುವುದಕ್ಕೆ ಕೇಳಲೇಬೇಕು. ಅದೂ ಸಭೆಗೆ ಬರುವವರನ್ನಲ್ಲ, ಬಾರದವರನ್ನು. ಬೇಲಿಯ ಹೊರಗೆ ನಿಂತು ಸುಮ್ಮನಿರುವವರನ್ನು. ಸುಮ್ಮನಿದ್ದವರು ಒಪ್ಪಿದರೆಂದು ಬರೆದುಕೊಳ್ಳುವುದು ಕಾರ್ಯದರ್ಶಿಗಳಿಗೆ ಸುಲಭ. ನಾನು ಹಾಗೆ ಬರೆದುಕೊಂಡವನು.

ಕೇಳುವ ಪಟ್ಟಿಯಲ್ಲಿ ಮಾತು ಬಾರದವರೂ ಇದ್ದಾರೆ. ನಮ್ಮದೇ ಜಿಲ್ಲೆಯ ತೆಂಕಣ ತುದಿಯ ಇಡಯಿಲೆಕ್ಕಾಡಿನ ಕಾವಿನಲ್ಲಿ ಮಂಗಗಳಿವೆ. ಓಣಂ ಹೊತ್ತಿಗೆ ಅಲ್ಲಿನ ವಾಚನಾಲಯದ ಮಕ್ಕಳು ಅವುಗಳಿಗೆ ಸಾಲಾಗಿ ಎಲೆ ಹಾಕಿ ಊಟ ಬಡಿಸುತ್ತಾರೆ. ಪತ್ರಿಕೆಯಲ್ಲಿ ಚಿತ್ರ ನೋಡಿ ಮೊದಲು ನಗು ಬಂದಿತ್ತು. ಈಗ ಆಲೋಚಿಸಿದರೆ, ಕಾವು ಯಾರದೆಂದು ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು ಎಂದು ತೋರುತ್ತದೆ.

ವಾಳಪೈಯ ಸುದ್ದಿಗೆ ಮರಳುವೆ. ಮುಂದಿನ ಭಾನುವಾರ ನಾವು ಹಾರೆ ಹಿಡಿಯಲಿಲ್ಲ. ದೇವರಾಯಿಯ ಸುತ್ತಲಿನ ಮನೆಗಳಿಗೆ ಹೋದೆವು. ಕೆಲವರು ನಮ್ಮನ್ನು ವೋಟಿಗೆ ಬಂದವರೆಂದು ತಿಳಿದರು. ಒಬ್ಬರು ನೇರವಾಗಿ, ನೀವು ಹೊರಗಿನವರು, ನಿಮಗೇಕೆ ಇದು ಎಂದರು. ಗೋವೆಯಲ್ಲಿ ಕನ್ನಡದವರಿಗೆ ಈ ಮಾತು ಹೊಸತಲ್ಲ. ನಮ್ಮ ಗೌಂಡಿ ತಲೆ ತಗ್ಗಿಸಿದ. ಆ ಮುದುಕಿಯೇ ನಮ್ಮ ಪರವಾಗಿ ಮಾತನಾಡಿದರು. ವಾಳಪೈಯಿಂದ ಏಳೆಂಟು ಕಿಲೋಮೀಟರು ದೂರದ ಬ್ರಹ್ಮ ಕರಮಳಿಯಲ್ಲಿ ಬ್ರಹ್ಮದೇವರ ಗುಡಿಯಿದೆ. ಆ ಮೂರ್ತಿ ಪೋರ್ಚುಗೀಸರ ಕಾಲದಲ್ಲಿ ತಿಸ್ವಾಡಿಯ ಕರಮಳಿಯಿಂದ ಇಲ್ಲಿಗೆ ಬಂದದ್ದೆಂದು ಎಲ್ಲರೂ ಬಲ್ಲರು. ದೇವರೇ ಹೊರಗಿನಿಂದ ಬಂದದ್ದಲ್ಲವೆ, ಇವರು ಕಸ ಹೆಕ್ಕಿದರೆ ಏನಾಯಿತು ಎಂದು ಅವರು ಕೊಂಕಣಿಯಲ್ಲಿ ಹೇಳಿದ ಹಾಗೆ ನನಗೆ ತಿಳಿಯಿತು. ಆಮೇಲೆ ನನ್ನ ಕಡೆ ತಿರುಗಿ, ಕಸ ಹೆಕ್ಕಿ, ತರಗೆಲೆ ಮುಟ್ಟಬೇಡಿ ಎಂದರು.

ಕಲ್ಲು ಹಾಸಲಿಲ್ಲ. ದಾನಿಗಳಿಗೆ ಬೇಸರವಾಯಿತು, ಅವರ ಹಣ ಬೇರೆ ಕಡೆಗೆ ಹೋಯಿತು. ಗುಂಪಿನ ಮೂವರು ಬರುವುದನ್ನು ಬಿಟ್ಟರು. ಗೌಂಡಿಯ ಹದಿನೈದು ದಿನದ ಕೂಲಿ ಹೋಯಿತು, ಅದನ್ನು ತುಂಬಿಕೊಡಲು ನಮ್ಮಿಂದ ಆಗಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಈಗಲೂ ಕಾಲು ಜಾರುತ್ತದೆ. ನಾನೇ ಒಮ್ಮೆ ಬಿದ್ದು ಮಗಳ ಕೈಯಲ್ಲಿ ಬೈಸಿಕೊಂಡೆ. ಕೇಳಿ ನಡೆಯುವುದರಿಂದ ಲಾಭವೇ ಆಗುತ್ತದೆಂದು ನಾನು ಯಾರಿಗೂ ಹೇಳಲಾರೆ.

ಊರಿನ ಸಮಿತಿಗೆ ಒಂದು ಪತ್ರ ಬರೆದಿದ್ದೇನೆ. ಬನದ ಅಂಗಳದ ಹಾಸುಗಲ್ಲನ್ನು ಬಾವಿಯ ಕಡೆಯಿಂದ ಎರಡು ಸಾಲು ಎತ್ತಿ, ಅಲ್ಲಿ ರೆಂಜೆಯ ಸಸಿ ಇಡಬಹುದೆ ಎಂದು ಕೇಳಿದ್ದೇನೆ. ಮುಂದಿನ ಮಹಾಸಭೆಯಲ್ಲಿ ಇಡುತ್ತೇವೆಂದು ಉತ್ತರ ಬಂದಿದೆ. ಹೋಗುತ್ತೇನೆ. ಸಭೆಗೆ ಮೊದಲು ಬನದ ಸುತ್ತಲಿನ ಮನೆಗಳಿಗೆ ಹೋಗಿ ಕೇಳಬೇಕೆಂದಿದ್ದೇನೆ. ಮದ್ದಿನ ಅಜ್ಜಿ ಈಗ ಇಲ್ಲ, ಅವರ ಸೊಸೆ ಇದ್ದಾರೆ. ಮೊಣಕಾಲು ನೋವಿನ ಅವರು, “ಕಲ್ಲಿದ್ದರೇ ಒಳ್ಳೆಯದು ಮಾಸ್ಟ್ರೆ, ಕೆಸರಲ್ಲಿ ನಡೆಯಲಾಗುವುದಿಲ್ಲ” ಎಂದೂ ಹೇಳಬಹುದು. ಆಗ ಏನು ಮಾಡುವುದೆಂದು ನನಗಿನ್ನೂ ತಿಳಿಯದು. ಒಮ್ಮೆ ಕೂತು ಅವರು ಹೇಳುವುದನ್ನು ಪೂರ್ತಿ ಕೇಳಬೇಕು. ಕಲ್ಲನ್ನು ಎತ್ತುವ ಮಾತು ಆಮೇಲೆ.